ಹೊಲಿದಿಟ್ಟ ಕೊನೆಯ ಅಧ್ಯಾಯ

ಚಿಮಣಿ, ಬಾಳೂ,

ಶಾಲೆಯ ಹೆಸರು ಬಿಟ್ಟು, ಮನೆಯಲ್ಲಿ ಕೂಗುವ ಹೆಸರಿನಿಂದಲೇ ನಿಮ್ಮನ್ನು ಕರೆದಿದ್ದೇನೆ. ಮುಂದಿನ ಹಾಳೆಗಳಲ್ಲಿ ಬೇರೆ ಯಾರ ಹೆಸರೂ ಬರುವುದಿಲ್ಲ. ಯಾಕೆ ಎಂಬುದು ಓದಿದ ಮೇಲೆ ನಿಮಗೇ ತಿಳಿಯುತ್ತದೆ.

ದ್ರಾಕ್ಷಿ ತೋಟದವನೊಬ್ಬ ಸಾಯುವ ಕಥೆ ನಮ್ಮ ಕಡೆಯ ಫೋನುಗಳಲ್ಲಿ ಓಡಾಡುತ್ತಿದೆ. ಗಂಡಸಿನ ದನಿಯಲ್ಲಿ ಓದಿದ್ದು. ಕೊನೆಗೆ ಅವನ ಹೆಂಡತಿಯೇ ಕೊಂದವಳು ಎಂದು ಮುಗಿಯುತ್ತದೆ. ನೀವೂ ಕೇಳಿರಬಹುದು. ಆ ಕಥೆ ಬರೆದವಳು ನಾನು. ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿಯುವ, ಬೀಗರು ಬಂದರೆ ಅಡುಗೆಮನೆಯ ಬಾಗಿಲು ದಾಟಿ ಹೊರಗೆ ಬರದ, ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ ನಿಮ್ಮ ಆಯಿ. ನನ್ನ ಮಗ, ನಿಮ್ಮ ಅಪ್ಪನಿಗೂ ಇದು ಅರ್ಧ ಮಾತ್ರ ಗೊತ್ತು.

ಇದರ ಮೂಲ ನಿಮ್ಮ ಅಜ್ಜ. ಅವರಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಚಿಕ್ಕೋಡಿ ಕೋರ್ಟಿನಲ್ಲಿ ಸಮನ್ಸು ಮುಟ್ಟಿಸುವ ಬೇಲೀಫರಾಗಿದ್ದ ಒಬ್ಬರು ತಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಪಾಟು ಇಟ್ಟು ಅಂಥ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಬಾಡಿಗೆ ಪುಸ್ತಕಗಳದ್ದು ಒಂದೇ ಗೋಳು: ಮೊದಲು ಓದಿದವರು ನಡುವಿನ ಪುಟದ ಅಂಚಿಗೆ ಕೊಲೆಗಾರನ ಹೆಸರು ಗೀಚಿಡುತ್ತಿದ್ದರು, ಇಲ್ಲವೇ ಕೊನೆಯ ಪುಟವನ್ನೇ ಹರಿದುಕೊಳ್ಳುತ್ತಿದ್ದರು. ಅದಕ್ಕೆ ಬೇಲೀಫರು ಒಂದು ಉಪಾಯ ಮಾಡಿದರು. ಕೋರ್ಟಿನ ಕಾಗದಗಳನ್ನು ದಬ್ಬಣದಲ್ಲಿ ಹೊಲಿಯುವ ಹಾಗೆ ಪ್ರತಿ ಪುಸ್ತಕದ ಕೊನೆಯ ಅಧ್ಯಾಯವನ್ನು ಸುತ್ತಲೂ ದಾರದಿಂದ ಹೊಲಿದೇ ಕೊಡುತ್ತಿದ್ದರು. ಓದುಗ ಮನೆಗೆ ಒಯ್ದು, ಅಲ್ಲಿಯವರೆಗೆ ಓದಿ, ಯಾರು ಕೊಂದವರೆಂದು ಮನೆಯವರ ಮುಂದೆ ಬಾಯಿಬಿಟ್ಟು ಹೇಳಿ, ಆಮೇಲೆ ಹೊಲಿಗೆ ಬಿಚ್ಚಬೇಕು. ಮರಳಿ ಕೊಡುವಾಗ ಮತ್ತೆ ಹೊಲಿದು ಕೊಡಬೇಕು.

ನಮ್ಮ ಮನೆಯಲ್ಲಿ ನಿಮ್ಮ ಅಜ್ಜ ಜೋರಾಗಿ ಓದುತ್ತಿದ್ದರು, ನಾನು ಶೇಂಗಾ ಸುಲಿಯುತ್ತ ಕೇಳುತ್ತಿದ್ದೆ. ಬಿಚ್ಚಿದ ಅಧ್ಯಾಯವನ್ನು ಮತ್ತೆ ಹೊಲಿಯುವವಳು ನಾನು. ಕೌದಿಯ ಕೈ ನೋಡಿ, ಸೂಜಿಯ ಹಳೆಯ ತೂತಿನಲ್ಲೇ ಹೊಸ ದಾರ ಕೂರುತ್ತಿತ್ತು. ಈ ಪುಸ್ತಕ ಬಿಚ್ಚಿದ್ದಾರೋ ಇಲ್ಲವೋ ಎಂದು ಬೇಲೀಫರಿಗೇ ಅನುಮಾನ ಬಂದು, ನಿಮ್ಮ ಅಜ್ಜನ ಕೂಡ ಜಗಳಕ್ಕೆ ನಿಂತಿದ್ದರಂತೆ. ಅಂದಿನಿಂದ ಅವರು ಕಪಾಟಿನ ಪುಸ್ತಕಗಳನ್ನೆಲ್ಲ ಹೊಲಿಯಲು ನನಗೇ ಕಳಿಸತೊಡಗಿದರು.

ಅಜ್ಜ ಹೋದ ಮೇಲೆ ನಾನು ಸುಮ್ಮನೆ ಕೂರಲಾಗದೆ ಬರೆಯತೊಡಗಿದೆ. ಆ ಹೊತ್ತಿಗೆ ಕಪಾಟಿಗೆ ಬರುವವರು ಕಡಿಮೆಯಾಗಿ, ಓದುಗರ ಬಳಗವೆಲ್ಲ ಫೋನಿಗೆ ಹೋಗಿತ್ತು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುಗರು, ಬರೆಯುವವರು ಎಲ್ಲರೂ ಒಂದೇ ಗುಂಪಿನಲ್ಲಿ. ಬೇಲೀಫರು ನಿವೃತ್ತರಾಗಿ, ಕೋರ್ಟಿನ ಎದುರು ಒಂದು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದರು. ಯಾರೇ ಕಥೆ ಬರೆಯಲಿ, ಸಂತೆಯ ದಿನಕ್ಕೊಂದು ಕಂತನ್ನು ಅವರೇ ಓದಿ ಆಡಿಯೋ ಮಾಡಿ ಹಾಕುತ್ತಿದ್ದರು. ಬರೆದವರು ಯಾರೆಂದು ಕೊನೆಯವರೆಗೆ ಹೇಳುತ್ತಿರಲಿಲ್ಲ. ನನ್ನಂಥ ನಾಚಿಕೆಯವಳಿಗೆ ಅದು ವರವಾಯಿತು.

ಫೋನಿಗೆ ಹೋದರೂ ಹೊಲಿಗೆಯ ಪದ್ಧತಿ ಬಿಡಲಿಲ್ಲ. ಮೊದಲ ಕಂತು ಹೊರಬೀಳುವ ಮುಂಚೆಯೇ ಕೊನೆಯ ಅಧ್ಯಾಯ ಬರೆದು, ಮಡಚಿ, ಹೊಲಿದು ಬೇಲೀಫರ ಕೈಗೆ ಕೊಡಬೇಕು. ಓದುಗರು ಊಹಿಸಿದ್ದನ್ನು ನೋಡಿ ಬರೆದವರು ಕೊಲೆಗಾರನನ್ನು ಬದಲಿಸಬಾರದಲ್ಲ, ಅದಕ್ಕೆ. ಕೊಂದವರ ಸುಳಿವು ಕಂತುಗಳಲ್ಲಿ ಇರಲೇಬೇಕು. ಕಂತುಗಳ ನಡುವೆ ಓದುಗರಿಗೆ ಪಾಟೀಸವಾಲಿನ ಹಕ್ಕು ಇತ್ತು. ಕೋರ್ಟಿನಲ್ಲಿ ವಕೀಲರು ಸಾಕ್ಷಿಯನ್ನು ಕೆದಕುವ ಹಾಗೆ ಅವರು ಕಥೆಯನ್ನು ಕೆದಕಿ ಕೇಳಬಹುದು. ಬರೆದವರು ಬೇಲೀಫರ ಮೂಲಕ ಉತ್ತರ ಕೊಡಬೇಕು. ಯಾರು ಕೊಂದರು ಎಂಬುದೊಂದನ್ನು ಬಿಟ್ಟು ಬೇರೆ ಏನು ಕೇಳಿದರೂ ಸುಳ್ಳು ಹೇಳುವಂತಿಲ್ಲ. ಓದುಗರೂ ಬರೆದವರೂ ಕಥೆ ಮುಗಿಯುವ ತನಕ ಖಾಸಗಿಯಾಗಿ ಮಾತಾಡುವಂತಿಲ್ಲ.

ದ್ರಾಕ್ಷಿಯ ಕಥೆ ನನಗೆ ಹೊಳೆದದ್ದು ಅಥಣಿ ಕಡೆ ನನ್ನ ತಂಗಿಯ ಮನೆಯಲ್ಲಿ. ಅವರದು ದ್ರಾಕ್ಷಿ ತೋಟ. ಮಳೆಗಾಲ ಹಿಂದಾದ ಮೇಲೆ ಬಳ್ಳಿಗಳನ್ನು ಕತ್ತರಿಸುತ್ತಾರೆ, ಅದಕ್ಕೆ ಚಾಟಣಿ ಎನ್ನುತ್ತಾರೆ. ಕತ್ತರಿಸಿದ ಕಡ್ಡಿಗಳು ಒಟ್ಟಿಗೆ ಚಿಗುರಲಿ ಎಂದು ಒಂದು ಔಷಧ ಹಚ್ಚುತ್ತಾರೆ. ಹಚ್ಚಲು ಬಂದ ಕೂಲಿಯವರ ಟೋಳಿಯ ಮುಂದೆ ತಂಗಿಯ ಗಂಡ ನಿಂತು, ಇವತ್ತು ನಾಳೆ ಯಾರೂ ಸೆರೆ ಕುಡಿಯಬೇಡಿ, ಈ ಔಷಧಕ್ಕೂ ಅದಕ್ಕೂ ಆಗಿಬರುವುದಿಲ್ಲ, ಜೀವಕ್ಕೇ ಬರುತ್ತದೆ ಎಂದು ಕೈಮುಗಿದು ಹೇಳುತ್ತಿದ್ದರು. ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ. ಕೈ ನಿಂತಿತು. ವಿಷವನ್ನು ಯಾರೂ ಹಾಕಿಲ್ಲ, ಬರೀ ಕುಡಿಯಲು ಕೊಟ್ಟಿದ್ದಾರೆ, ಅಷ್ಟರಲ್ಲೇ ಒಂದು ಕೊಲೆ. ನಮ್ಮ ಬಳಗದಲ್ಲಿ ಇಂಥದ್ದು ಯಾರೂ ಬರೆದಿರಲಿಲ್ಲ.

ಬರೆದೆ. ತೋಟದಲ್ಲಿ ದುಡಿದು ಬಂದ ಗಂಡ, ಮನೆಯಲ್ಲಿ ತಮ್ಮ, ದಾಯಾದಿ, ಹೆಂಡತಿ. ಎಲ್ಲರ ಮೇಲೂ ಒಂದೊಂದು ಅನುಮಾನ. ಕೊನೆಯ ಅಧ್ಯಾಯದಲ್ಲಿ ಹೆಂಡತಿ. ಬಟ್ಟಲು ತುಂಬಿ ಕೊಟ್ಟವಳು ಅವಳು, ಬೇಕೆಂದೇ ಕೊಟ್ಟಳು. ಹೊಲಿದು ಬೇಲೀಫರಿಗೆ ಕೊಟ್ಟು ಬಂದೆ. ಹೊಲಿಗೆ ಚೆನ್ನಾಗಿ ಬಂದಿತ್ತು.

ಕಂತುಗಳು ಹೊರಬಿದ್ದ ಮೇಲೆ ಪಾಟೀಸವಾಲು ಶುರುವಾಯಿತು. ಬೋರಗಾಂವದಲ್ಲಿ ಪವರ್‌ಲೂಮ್ ಇಟ್ಟುಕೊಂಡವರೊಬ್ಬರು ನಮ್ಮ ಬಳಗದ ದೊಡ್ಡ ಬಾಯಿ. ಮಗ್ಗದ ಸದ್ದಿನಲ್ಲಿ ಕಂತು ಕೇಳಿ, ಮಗ್ಗದ ಸದ್ದಿನಲ್ಲೇ ಪ್ರಶ್ನೆ ಹಾಕುತ್ತಿದ್ದರು. ಅರ್ಧ ನಮಗೆ ಕೇಳುತ್ತಲೇ ಇರಲಿಲ್ಲ. ಉಳಿದವರದು ಮಾಮೂಲು: ಬಾಗಿಲಿಗೆ ಚಿಲಕ ಇತ್ತೇ, ನಾಯಿ ಬೊಗಳಿತೇ.

ಆಮೇಲೆ ಕಾಗವಾಡದ ಕಡೆಯಿಂದ ಒಬ್ಬ ಹೆಣ್ಣುಮಗಳ ದನಿ ಬಂತು. ಹಿಂದೆಂದೂ ಮಾತಾಡದವಳು. ಸಣ್ಣ ದನಿ, ಬಾಯಿಗೆ ಸೆರಗು ಅಡ್ಡ ಹಿಡಿದ ಹಾಗೆ. ಮೊದಲ ಸಲ ಅವಳು ಕೇಳಿದ್ದು, ಔಷಧ ಹಚ್ಚಿ ಬಂದು ಕುಡಿದವನಿಗೆ ಮೊದಲು ಮುಖ ಕೆಂಪಾಗುತ್ತದೆಯೋ, ಮೊದಲು ಉಸಿರು ಹಿಡಿಯುತ್ತದೆಯೋ ಎಂದು. ಮುಂದಿನ ವಾರ ಕೇಳಿದ್ದು, ಸ್ನಾನ ಮಾಡಿದ್ದರೂ ಹಾಗಾಗುತ್ತದೆಯೇ ಎಂದು. ಅದರ ಮುಂದಿನ ವಾರ, ದವಾಖಾನೆಯ ಡಾಕ್ಟರರಿಗೆ ನೋಡಿದರೆ ತಿಳಿಯುತ್ತದೆಯೋ, ಯಾರಾದರೂ ಹೇಳಿದರೆ ಮಾತ್ರ ತಿಳಿಯುತ್ತದೆಯೋ ಎಂದು.

ಗುಂಪಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಇಂಥ ಓದುಗರು ಬೇಕು ಎಂದರು. ಬೋರಗಾಂವದವರು, ಇವರ ಮುಂದೆ ನಮ್ಮ ಚಿಕ್ಕೋಡಿ ವಕೀಲರು ಕರಿ ಕೋಟು ಕಳಚಿಟ್ಟು ಎಮ್ಮೆ ಕಾಯಬೇಕು ಎಂದರು. ಬೇಲೀಫರು ಖುಷಿಯಿಂದ ಉಬ್ಬಿಹೋಗಿದ್ದರು.

ನನಗೆ ಮಾತ್ರ ಊಟ ಸೇರಲಿಲ್ಲ. ಕಥೆ ಕೇಳುವವರು ನಡೆದುಹೋದದ್ದನ್ನು ಕೇಳುತ್ತಾರೆ. ಈಕೆ ಕೇಳುತ್ತಿರುವುದು ಮುಂದೆ ಹೇಗಾಗುತ್ತದೆ ಎಂಬುದನ್ನು. ಹಾಗೆ ನನಗೆ ಅನ್ನಿಸಿತು. ಮತ್ತೊಂದು ವರ್ಷದ ಚಾಟಣಿಯ ದಿನಗಳು ಹತ್ತಿರ ಬರುತ್ತಿದ್ದವು. ಕಾಗವಾಡದ ಕಡೆ ತೋಟಗಳಿವೆ, ಟೋಳಿಗಳಿವೆ, ಕುಡಿಯುವ ಗಂಡಂದಿರಿದ್ದಾರೆ. ನಾನು ಶೇಂಗಾ ಸುಲಿದ ಕೈಯಿಂದ ಬರೆದ ಕಥೆ ಒಬ್ಬಳಿಗೆ ದಾರಿ ತೋರಿಸಿಬಿಟ್ಟಿತೇ? ಕೌದಿಗೆ ಸೂಜಿ ಚುಚ್ಚಿದಾಗಲೆಲ್ಲ ಅದೇ ಯೋಚನೆ. ಎಷ್ಟೋ ಸಲ ಬೆರಳಿಗೇ ಚುಚ್ಚಿಕೊಂಡೆ.

ನಾಲ್ಕನೆಯ ಪ್ರಶ್ನೆ ಬಂದಾಗ ನಾನು ಅಂಗಡಿಯಲ್ಲೇ ಇದ್ದೆ. ಬೇಲೀಫರು ನನ್ನ ಮುಂದೆಯೇ ಅದನ್ನು ಫೋನಿನಲ್ಲಿ ಹಚ್ಚಿ ಕೇಳಿಸಿದರು.

"ಕುಡ್ಯಾಕ ಕೊಟ್ಟಾಕಿಗೆ ಅದು ಗೊತ್ತಿತ್ತೇನ್ರಿ?"

ಇಷ್ಟೇ. ಹಿಂದೆ ಎಮ್ಮೆಯೊಂದು ಕೂಗಿದ ಸದ್ದು. ಇದಕ್ಕೆ ಉತ್ತರ ಕೊಟ್ಟರೆ ಕೊಂದವರು ಯಾರೆಂದು ಹೇಳಿದಂತೆಯೇ. ಕೊನೆಯ ಅಧ್ಯಾಯದಲ್ಲಿ ತಿಳಿಯುತ್ತದೆ ಎಂದು ಹೇಳಿಸಿದೆ. ಆಮೇಲೆ ಧೈರ್ಯ ಮಾಡಿ ಬೇಲೀಫರಿಗೆ ನನ್ನ ಹೆದರಿಕೆ ತಿಳಿಸಿದೆ. ಅವರು ನಕ್ಕುಬಿಟ್ಟರು.

"ಅಕ್ಕಾರ, ನಲವತ್ತ ವರ್ಷ ಕೋರ್ಟಿನ್ಯಾಗ ದುಡದೀನಿ. ಖರೇ ಕೊಲಿ ಮಾಡಾವ್ರು ಹಿಂಗ ಮಂದ್ಯಾಗ ಕೇಳಂಗಿಲ್ರಿ. ಆಕಿ ಛಲೋ ಓದಾಕಿ ಅಷ್ಟ."

ನಿಯಮ ಮುರಿದು ಅವಳ ಕೂಡ ಮಾತಾಡಿದರೆ ಕಥೆಯನ್ನೇ ತೆಗೆದುಹಾಕಬೇಕಾಗುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟರು.

ಮನೆಗೆ ಬಂದ ಮೇಲೆ ಗುಂಪಿನಲ್ಲಿದ್ದ ಅವಳ ನಂಬರಿಗೆ ನಾನೇ ಫೋನು ಮಾಡಿದೆ. ನಿಮ್ಮ ಆಯಿ ಪರಿಚಯವಿಲ್ಲದವರಿಗೆ ಫೋನು ಮಾಡಿದ್ದು ಜನ್ಮದಲ್ಲಿ ಅದೇ ಮೊದಲು. ಗಂಟೆ ಹೋಗುತ್ತಿರುವಾಗ ಎತ್ತದಿದ್ದರೆ ಸಾಕಪ್ಪ ಎಂದುಕೊಳ್ಳುತ್ತಿದ್ದೆ. ಎತ್ತಿದರು. ಆದರೆ ಅದು ಆ ಸಣ್ಣ ದನಿಯಲ್ಲ. ವಯಸ್ಸಾದ, ಗಡುಸಾದ ದನಿ. ಯಾರು, ಏನು ಬೇಕು ಎಂದು ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಕೇಳಿತು. ನನ್ನ ಬಾಯಿಗೆ ಬಂದದ್ದು ಒಂದೇ, ನಾನು ಕೌದಿ ಹೊಲಿಯುವವಳು.

"ಹೌದ? ಬರ್ರಿ ಹಂಗಾರ. ಹಳೇ ಸೀರಿ ಗಂಟ ಕಟ್ಟಿಟ್ಟೀನಿ, ಇಲಿ ತಿನ್ನಾಕತ್ತಾವು," ಎಂದು ಮುದುಕಿ ಊರು, ಬಸ್ಸು, ಮನೆಯ ಗುರುತು ಎಲ್ಲ ಹೇಳಿಬಿಟ್ಟಳು.

ಆ ನೆಪವೇ ನನ್ನನ್ನು ಎಳೆದುಕೊಂಡು ಹೋಯಿತು. ಅಥಣಿಯ ತಂಗಿಯ ಮನೆಗೆ ಹೋಗುತ್ತೇನೆಂದು ನಿಮ್ಮ ಅವ್ವನಿಗೆ ಹೇಳಿ, ಚೀಲದಲ್ಲಿ ಸೂಜಿ ದಾರ ಹಾಕಿಕೊಂಡು ಹೊರಟೆ. ಕಾಗವಾಡದಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ನಡುನಡುವೆ ದ್ರಾಕ್ಷಿಯ ಚಪ್ಪರಗಳು. ಕೆಲವು ತೋಟಗಳಲ್ಲಿ ಚಾಟಣಿ ಆಗಲೇ ಮುಗಿದು, ಬಳ್ಳಿಗಳು ಬೋಳಾಗಿ ನಿಂತಿದ್ದವು. ತಡವಾಯಿತೇ ಎಂದು ಒಂದೊಂದು ತೋಟವನ್ನೂ ಕಣ್ಣಿಟ್ಟು ನೋಡುತ್ತ ಹೋದೆ.

ಆ ಮನೆ ಮುಟ್ಟಿದಾಗ ಗಂಡಸೊಬ್ಬ ಅಂಗಳದಲ್ಲಿ ಮೋಟಾರು ಸೈಕಲ್ ತೊಳೆಯುತ್ತಿದ್ದ. ಗಟ್ಟಿಮುಟ್ಟಾಗಿದ್ದ, ಜೀವಂತವಾಗಿದ್ದ. ನನ್ನನ್ನು ನೋಡಿ ಒಳಗೆ ಕೂಗಿ ಅವ್ವನನ್ನು ಕರೆದ. ಅವನನ್ನು ನೋಡಿ ನನಗಾದ ಸಮಾಧಾನ, ಅವನಿಗೆ ವಿಚಿತ್ರವಾಗಿ ಕಂಡಿರಬೇಕು.

ಮುದುಕಿ ನನ್ನ ವಾರಿಗೆಯವಳೇ. ಪಡಸಾಲೆಯಲ್ಲಿ ಸೀರೆಗಳ ಗಂಟು ಬಿಚ್ಚಿ ಕೂತಳು. ಫೋನು ಅವಳ ಮಗ್ಗುಲಲ್ಲೇ ಇತ್ತು. ಅದರಲ್ಲಿ ಕಥೆಗಳು ಬರುತ್ತವೆ, ಹಚ್ಚಲು ತನಗೆ ಬರುವುದಿಲ್ಲ, ಸೊಸೆ ಹಚ್ಚಿಕೊಡುತ್ತಾಳೆ, ಈಗ ದ್ರಾಕ್ಷಿಯದೊಂದು ಕೊಲೆ ನಡೆದಿದೆ ಎಂದು ನನಗೇ ನನ್ನ ಕಥೆ ಹೇಳತೊಡಗಿದಳು. ಸೀರೆಯ ಅಂಚು ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ಸೊಸೆ ಚಹಾ ತಂದಳು. ಮೂವತ್ತರ ಆಸುಪಾಸಿನವಳು, ಬಡಕಲು. ನನ್ನ ಮುಂದೆ ಒಂದು ಬಟ್ಟಲು ಮಾತ್ರ ಇಟ್ಟು ಒಳಗೆ ಹೋದಳು. ನಿಮಗೆ ಇಲ್ಲವೇ ಎಂದು ಮುದುಕಿಯನ್ನು ಕೇಳಿದೆ. ಅವಳು ದನಿ ತಗ್ಗಿಸಲಿಲ್ಲ.

"ಆಕಿ ಕೈಯಾಗಿಂದು ನಾ ಕುಡ್ಯಂಗಿಲ್ರಿ. ನಂದು ನಾನ ಮಾಡ್ಕೋತೀನಿ. ನನ್ನ ಮಗಂದೂ ನಾನ ಮಾಡ್ತೀನಿ."

ಬಟ್ಟಲು ನನ್ನ ಕೈಯಲ್ಲಿತ್ತು. ಈ ಮನೆಗೆ ನಾನು ಬಂದದ್ದೇ ಈಕೆ ವಿಷ ಹಾಕುತ್ತಾಳೆ ಎಂಬ ಹೆದರಿಕೆಯಿಂದ. ಬಾಗಿಲ ಸಂದಿಯಲ್ಲಿ ಅವಳ ಸೆರಗು ಕಾಣುತ್ತಿತ್ತು. ಅತ್ತೆಯ ಮಾತು ಅವಳಿಗೆ ಕೇಳಿಸಿದೆ, ನಾನು ಏನು ಮಾಡುತ್ತೇನೆಂದು ನಿಂತು ನೋಡುತ್ತಿದ್ದಾಳೆ. ಚಹಾ ಕೆಳಗಿಟ್ಟರೆ ಒಂದು ತೀರ್ಪು, ಕುಡಿದರೆ ಒಂದು ತೀರ್ಪು. ಕುಡಿದೆ. ಸಕ್ಕರೆ ಹೆಚ್ಚಾಗಿತ್ತು. ಅಷ್ಟು ಸಿಹಿ ಚಹಾ ಅಷ್ಟು ಹೆದರಿಕೊಂಡು ನಾನು ಎಂದೂ ಕುಡಿದಿಲ್ಲ.

ಮುದುಕಿ ಎಮ್ಮೆಗೆ ಹಿಂಡಿ ಇಡಲು ಹೋದಾಗ ಸೊಸೆ ಇನ್ನಷ್ಟು ಹಳೆಯ ಬಟ್ಟೆ ಹಿಡಿದು ಬಂದಳು. ನನಗೆ ಹೇಗೆ ಮಾತು ತೆಗೆಯಬೇಕೆಂದು ತಿಳಿಯಲಿಲ್ಲ. ಬೇಲೀಫರಿಗೆ ನಿನ್ನ ಪ್ರಶ್ನೆಗಳ ಉತ್ತರ ಬರೆದುಕೊಟ್ಟವಳು ನಾನು ಎಂದೆ. ಅವಳ ಕೈಯಿಂದ ಬಟ್ಟೆ ಜಾರಿತು. ಕೂತು, ಬಟ್ಟೆಗಳನ್ನು ಒಂದೊಂದಾಗಿ ಮಡಚುತ್ತ ಮಾತಾಡಿದಳು.

ಹೋದ ವರ್ಷ ಚಾಟಣಿಯ ಟೋಳಿಯ ಜೊತೆ ಅವಳ ಗಂಡನೂ ಔಷಧ ಹಚ್ಚಲು ಹೋಗಿದ್ದ. ಸಂಜೆ ಮನೆಗೆ ಬಂದು ಕುಡಿಯಲು ಕೇಳಿದ. ಅಂಗಡಿಯಲ್ಲಿ ಕುಡಿದು ದಾರಿಯಲ್ಲಿ ಬೀಳಬಾರದೆಂದು ಬಾಟಲಿಯನ್ನು ಮನೆಯಲ್ಲೇ ಇಟ್ಟು ಅಳೆದು ಕೊಡುವ ರೂಢಿ ಅವಳದು. ಕೊಟ್ಟಳು. ಮುಖ ಕೆಂಡದಂತಾಗಿ, ಉಸಿರು ಸಿಗದೆ ಬಿದ್ದ. ಮಿರಜಿನ ದವಾಖಾನೆಗೆ ಒಯ್ದರು. ಉಳಿದ. ಔಷಧ ಹಚ್ಚಿದ್ದ ಮಾತನ್ನು ಯಾರೂ ಡಾಕ್ಟರರಿಗೆ ಹೇಳಲಿಲ್ಲ, ಅದಕ್ಕೂ ಇದಕ್ಕೂ ಸಂಬಂಧವಿದೆ ಎಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟೋಳಿಯ ಉಳಿದವರು ಆ ದಿನ ಕುಡಿದಿರಲಿಲ್ಲ, ಅವರಿಗೆ ಏನೂ ಆಗಲಿಲ್ಲ. ಅತ್ತೆ ಲೆಕ್ಕ ಹಾಕಿದ್ದು ಇಷ್ಟೇ: ಎಲ್ಲರೂ ಅದೇ ಕೆಲಸ ಮಾಡಿದರು, ಹೆಂಡತಿಯ ಕೈಯಿಂದ ಕುಡಿದ ನನ್ನ ಮಗ ಒಬ್ಬನೇ ಬಿದ್ದ. ಅಂದಿನಿಂದ ಸೊಸೆ ಒಲೆ ಮುಟ್ಟುವುದು ಬಂದವರಿಗೆ ಚಹಾ ಮಾಡಲು ಮಾತ್ರ.

"ನಿಮ್ಮ ಎರಡನೇ ಕಂತು ಕೇಳಿದ ಮ್ಯಾಲ ನನಗ ತಿಳೀತ್ರಿ, ಅವ್ರು ಯಾಕ ಬಿದ್ರಂತ," ಎಂದಳು.

ಹಾಗಿದ್ದರೆ ಅತ್ತೆಗೆ ಹೇಳಬೇಕಿತ್ತಲ್ಲ ಎಂದೆ.

"ಹ್ಯಾಂಗ ಹೇಳ್ಲಿರಿ? ಅತ್ತಿಯವ್ರು ಆ ಔಷಧದ ಮಾತ ನಮ್ಮ ಮನೀಗೆ ಇನ್ನೂ ಹೊಂದಿಸಿಲ್ಲ. ದಿನಾ ಅಂತಾರ, ಕಥ್ಯಾಗ ಹೆಂಡ್ತೀನ ಕೊಂದಾಳ ನೋಡ ಬೇಕಾರ ಅಂತ. ನಾ ಹೇಳಿ, ನಿಮ್ಮ ಕಥ್ಯಾಗ ಕಡೀಕ ಹೆಂಡ್ತಿನ ಬಂದ್ರ? ನಿನಗ ಹ್ಯಾಂಗ ಗೊತ್ತಿತ್ತು ಅಂತ ಕೇಳ್ತಾರ್ರಿ. ಅದಕ್ಕ ಮದ್ಲ ನಿಮ್ಮನ್ನ ಕೇಳಿದ್ನಿ. ನೀವು ಹೇಳಲಿಲ್ಲ."

ಅತ್ತೆ ಎಮ್ಮೆ ಹಿಂಡಲು ಹೋದಾಗ ಕದ್ದು ಪ್ರಶ್ನೆ ಹಾಕಿ, ಪ್ರಶ್ನೆಯನ್ನೂ ಉತ್ತರವನ್ನೂ ಫೋನಿನಿಂದ ಅಳಿಸುತ್ತಿದ್ದಳಂತೆ. ಬಳಗವೆಲ್ಲ ಚಪ್ಪಾಳೆ ತಟ್ಟಿದ ಪ್ರಶ್ನೆಗಳು ಅವು. ಅವಳು ಕೇಳುತ್ತಿದ್ದದ್ದು ಮುಂದಿನದಲ್ಲ, ಹಿಂದಿನದು. ಕೊಲ್ಲುವುದು ಹೇಗೆಂದಲ್ಲ, ತಾನು ಕೊಂದವಳಲ್ಲ ಎಂದು ತೋರಿಸುವುದು ಹೇಗೆಂದು.

ಗಂಡನಿಗಾದರೂ ಹೇಳಿದೆಯಾ ಎಂದೆ. ಈ ವರ್ಷವೂ ಟೋಳಿ ಕರೆಯಲು ಬಂದಿದೆ, ಹೇಳಲೇಬೇಕು, ಹೇಳಿದರೆ ಅವರು ಅವ್ವನ ಮುಂದೆ ಆಡಿಬಿಡುತ್ತಾರೆ ಎಂದಳು. ಅಷ್ಟರಲ್ಲಿ ಮುದುಕಿಯ ಹೆಜ್ಜೆ ಸದ್ದಾಯಿತು. ಕೊನೆಯ ಅಧ್ಯಾಯದಲ್ಲಿ ಏನಿದೆ ಎಂದು ನಾನು ಹೇಳಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ. ಹೊರಡುವ ಮುಂಚೆ, ಅಂಗಳದಲ್ಲಿದ್ದ ಆ ಮಗನ ಹತ್ತಿರ ನಿಂತು, ನನ್ನ ತಂಗಿಯ ತೋಟದಲ್ಲಿ ಔಷಧ ಹಚ್ಚಿದವರಿಗೆ ಕುಡಿಯಬೇಡಿ ಎಂದು ಕೈಮುಗಿಯುತ್ತಾರಪ್ಪ, ಜೀವಕ್ಕೆ ಬರುತ್ತದಂತೆ ಎಂದೆ. ಈ ವರ್ಷ ಟೋಳಿಯ ಮುಖ್ಯಸ್ಥನೂ ಹಾಗೇ ಅನ್ನುತ್ತಾನೆ, ಹೆದರಿಸಲು ಅನ್ನುತ್ತಾನೆ ಎಂದು ನಕ್ಕ. ಮುದುಕಿ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಸೀರೆಗಳ ಗಂಟು ಹೊತ್ತು ಬಸ್ಸು ಹತ್ತಿದೆ.

ಚಿಕ್ಕೋಡಿಯಲ್ಲಿಳಿದು ನೇರ ಅಂಗಡಿಗೆ ಹೋದೆ. ಊರಿನ ಗುರುತು ಹೇಳದೆ, ಯಾರ ಮನೆ ಎನ್ನದೆ, ಎಲ್ಲವನ್ನೂ ಬೇಲೀಫರಿಗೆ ಹೇಳಿದೆ. ಅವರ ನಗು ಹೋಯಿತು. ಕೊನೆಯ ಅಧ್ಯಾಯ ವಾಪಸ್ಸು ಕೊಡಿ, ಬೇರೆ ಬರೆಯುತ್ತೇನೆ ಎಂದೆ. ಡ್ರಾಯರಿನಿಂದ ಆ ಹೊಲಿದ ಕಾಗದ ತೆಗೆದು ಮೇಜಿನ ಮೇಲಿಟ್ಟು ಅದರ ಮೇಲೆ ಕೈಯಿಟ್ಟುಕೊಂಡರು. ಇಷ್ಟು ವರ್ಷ ಒಂದು ಹೊಲಿಗೆಯನ್ನೂ ಅವರು ಹೊತ್ತಿಗೆ ಮುಂಚೆ ಬಿಚ್ಚಿರಲಿಲ್ಲ. ಇವತ್ತು ನಿಮ್ಮದು ಬಿಚ್ಚಿದರೆ ನಾಳೆ ಇನ್ನೊಬ್ಬರದು, ಆಮೇಲೆ ಈ ಬಳಗದಲ್ಲಿ ಯಾರ ಮಾತನ್ನು ಯಾರು ನಂಬಬೇಕು ಎಂದರು. ಹೇಗೂ ನಿಯಮ ಮುರಿದಿದ್ದೇನೆ, ಕಥೆಯನ್ನೇ ಹಿಂತೆಗೆದುಕೊಳ್ಳುತ್ತೇನೆ ಎಂದೆ. ಅದಕ್ಕೆ ಅವರು ಹೇಳಿದ್ದು ನನಗೆ ಹೊಳೆದಿರಲಿಲ್ಲ: ಅರ್ಧಕ್ಕೆ ನಿಂತ ಕಥೆಯನ್ನು ಕೇಳುಗರು ತಾವೇ ಮುಗಿಸಿಕೊಳ್ಳುತ್ತಾರೆ, ಆ ಮುದುಕಿ ಹೇಗೆ ಮುಗಿಸಿಕೊಳ್ಳುತ್ತಾಳೆ ಎಂಬುದು ನಿಮಗೇ ಗೊತ್ತಲ್ಲ.

"ಒಂದ ದಾರಿ ಐತ್ರಿ," ಎಂದರು. "ಹೊಲಿಗಿ ಬಿಚ್ಚಿ ಓದಿದ ಮ್ಯಾಲ ಕಡೀ ಪಾಟೀಸವಾಲ ಇರ್ತೈತಿ. ಅವಾಗ ಬರದಾವ್ರು ಖುದ್ದ ಮಾತಾಡಬೇಕು, ತಮ್ಮ ದನೀಲೆ. ಆಗ್ತೈತೇನ್ರಿ ನಿಮ್ಮ ಕಡಿಂದ?"

ಆಗುವುದಿಲ್ಲ ಎಂದೇ ಬಾಯಿಗೆ ಬಂತು. ತಡೆದುಕೊಂಡು, ಸೀರೆಗಳ ಗಂಟು ಹೊತ್ತು ಮನೆಗೆ ಬಂದೆ.

ಮುಂದಿನ ಸಂತೆಯ ತನಕ ಆ ಮನೆಯ ಸೀರೆಗಳನ್ನು ಹಾಸಿಕೊಂಡು ಕೌದಿ ಹೊಲಿದೆ. ಮುದುಕಿಯದು ಯಾವುದು, ಸೊಸೆಯದು ಯಾವುದು ಎಂದು ಬಣ್ಣದಲ್ಲೇ ತಿಳಿಯುತ್ತಿತ್ತು. ಹೊಲಿಯುತ್ತ ನನ್ನ ಕಥೆಯ ಒಂದೊಂದು ಕಂತನ್ನೂ ಮತ್ತೆ ಮತ್ತೆ ಕೇಳಿದೆ. ಎಲ್ಲಾದರೂ ಒಂದು ಬಿರುಕು ಸಿಗುತ್ತದೆಯೇ ಎಂದು ನನ್ನ ಕಥೆಯನ್ನೇ ವೈರಿಯ ಹಾಗೆ ಕೆದಕಿದೆ. ಸಿಕ್ಕಿತು. ಅವಳ ನಾಲ್ಕನೆಯ ಪ್ರಶ್ನೆಯಲ್ಲೇ ಇತ್ತು ಅದು.

ಕೊನೆಯ ಕಂತಿನ ದಿನ ಬಳಗದ ಹತ್ತಿಪ್ಪತ್ತು ಜನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೇರಿದ್ದರು. ಉಳಿದವರು ಫೋನಿನಲ್ಲಿ. ನಾನು ಎಂದಿನಂತೆ ಬಾಗಿಲ ಬದಿಗೆ, ಪುಸ್ತಕ ಹೊಲಿಯಲು ಬಂದವಳೆಂದು ಎಲ್ಲರಿಗೂ ಗೊತ್ತಿದ್ದ ಜಾಗದಲ್ಲಿ ಕೂತಿದ್ದೆ. ಬೇಲೀಫರು ದಾರ ಕತ್ತರಿಸಿದರು, ಓದಿದರು, ಓದಿದ್ದನ್ನು ಗುಂಪಿಗೆ ಹಾಕಿದರು. ಕೊಂದವಳು ಹೆಂಡತಿ. ಬೋರಗಾಂವದವರು ತೊಡೆ ತಟ್ಟಿಕೊಂಡರು.

"ನಾ ಹೇಳಿದ್ನಿಲ್ಲ? ಮದಲನೇ ಕಂತಿನ್ಯಾಗ ಹೇಳಿದ್ದೆ, ಹೆಂಡ್ತಿನ ಅಂತ. ಎಲ್ಲಾರೂ ಚಹಾ ಕುಡಸ್ರಿ ಈಗ ನನಗ."

ಬರೆದವರು ಯಾರು ಎಂದು ಎಲ್ಲರೂ ಅತ್ತಿತ್ತ ನೋಡುತ್ತಿದ್ದರು. ನಾನು ಫೋನನ್ನೇ ನೋಡುತ್ತಿದ್ದೆ. ಕಾಗವಾಡದ ಆ ದನಿ ಪ್ರಶ್ನೆ ಕೇಳಿದರೆ ಉತ್ತರ ಕೊಡಲು ಸಿದ್ಧವಾಗಿ ಬಂದಿದ್ದೆ. ಬರಲಿಲ್ಲ. ಬರುವುದು ಹೇಗೆ? ಅವಳ ಪಕ್ಕದಲ್ಲಿ ಅತ್ತೆ ಕೂತಿರುತ್ತಾಳೆ. ಈಗ ಆ ಪಡಸಾಲೆಯಲ್ಲಿ ಮುದುಕಿ ಸೊಸೆಯ ಕಡೆ ತಿರುಗಿ ನೋಡುತ್ತಿರುತ್ತಾಳೆ. ಬೇಲೀಫರು ಪ್ರಶ್ನೆಗಳಿವೆಯೇ ಎಂದು ಕೇಳಿ, ನನ್ನ ಕಡೆ ನೋಡಿ, ಇಲ್ಲದಿದ್ದರೆ ಮುಗಿಸೋಣವೇ ಎಂದರು.

ಎದ್ದು ನಿಂತೆ. ಬರೆದವಳು ನಾನು ಎಂದೆ. ಬೇಲೀಫರು ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದರು.

"ಒಬ್ರು ಕೇಳಿದ್ರು, ನಾ ಉತ್ತರ ಕೊಡಲಿಲ್ಲ. ಕುಡ್ಯಾಕ ಕೊಟ್ಟಾಕಿಗೆ ಅದು ಗೊತ್ತಿತ್ತೇನಂತ. ಆಕಿಗೆ ಗೊತ್ತಿತ್ತಂತ ನಾ ಯಾವ ಕಂತಿನ್ಯಾಗ ಬರದೀನಿ, ಹೇಳ್ರಿ."

ಬೋರಗಾಂವದವರು ಎಲ್ಲೋ ಬರೆದಿರಬೇಕು ಎಂದರು. ಕಂತುಗಳನ್ನು ಮತ್ತೆ ಹಚ್ಚಿದರು. ಔಷಧದ ವಿಷಯ ತೋಟದಲ್ಲಿ ಮಾತಾಡಿದವರು ಗಂಡಸರು. ಗಂಡ ಮನೆಗೆ ಬಂದು ಅದನ್ನು ಹೇಳಲಿಲ್ಲ. ಹೆಂಡತಿ ತೋಟಕ್ಕೆ ಹೋದದ್ದಿಲ್ಲ. ಅವಳಿಗೆ ತಿಳಿದಿತ್ತೆಂಬ ಸುಳಿವು ಎಲ್ಲಿಯೂ ಇರಲಿಲ್ಲ. ಬರೆಯುವಾಗ ನನಗೆ ಅದು ಬೇಕೆಂದೇ ಅನ್ನಿಸಿರಲಿಲ್ಲ. ಹೆಂಡತಿ ಎಂದರೆ ಸಾಕು, ಎಲ್ಲರೂ ನಂಬುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ನಂಬಿಯೂ ಇದ್ದರು.

ಬೇಲೀಫರು ಗಂಟಲು ಸರಿಮಾಡಿಕೊಂಡು, ಸುಳಿವಿಲ್ಲದ ಕೊಲೆಗಾರ ನಮ್ಮ ಬಳಗದಲ್ಲಿ ನಡೆಯುವುದಿಲ್ಲ, ಬರೆದವರೇ ಹೇಳಿದರೂ ನಡೆಯುವುದಿಲ್ಲ, ಹೆಂಡತಿಯ ಮೇಲಿನ ಆರೋಪ ಬಿದ್ದುಹೋಯಿತು ಎಂದರು. ಬೋರಗಾಂವದವರಿಗೆ ಸಿಟ್ಟು ಬಂತು.

"ಹಂಗಾರ ಕೊಂದಾವ್ರು ಯಾರ್ರಿ ಆಯೀ?"

"ಯಾರೂ ಅಲ್ರಿ. ಔಷಧ ಹಚ್ಚಿ ಬಂದಾವ ಕುಡೀಬಾರದಂತ ಆ ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ. ಅಷ್ಟ."

"ಯಾರೂ ಕೊಲ್ಲದ ಕೊಲಿ ಕಥಿ! ಇದಕ್ಕ ಇಷ್ಟ ವಾರ ಮಗ್ಗದ ಸಪ್ಪಳದಾಗ ಕಿವಿ ಕೊಟ್ಟ ಕೇಳೀನಿ ನಾ."

ಎಲ್ಲರೂ ನಕ್ಕರು. ಅವರ ನಗುವೂ ನನ್ನ ದನಿಯೂ ಸೇರಿ ಗುಂಪಿಗೆ ಹೋಯಿತು. ಆ ವರ್ಷದ ಅತಿ ಕೆಟ್ಟ ಕಥೆ ನನ್ನದೆಂದು ಬಳಗ ಇಂದಿಗೂ ಹೇಳುತ್ತದೆ.

ಕೌದಿ ಮುಗಿದ ಮೇಲೆ ಕೊಡಲು ಹೋದೆ. ಮುದುಕಿ ನನ್ನ ದನಿ ಕೇಳಿದ ಕೂಡಲೇ ಕಣ್ಣು ನೆಟ್ಟು ನೋಡಿದಳು. ಗುರುತು ಹಿಡಿದಳೆಂದುಕೊಂಡೆ. ಆದರೆ ಅದರ ಮಾತೆತ್ತಲಿಲ್ಲ. ಕೌದಿಯ ಮೇಲೆ ಕೈಯಾಡಿಸಿ, ಹೊಲಿಗೆ ಚೆನ್ನಾಗಿದೆ ಎಂದಳು. ಸೊಸೆ ಚಹಾ ತಂದಳು. ಈ ಸಲ ಎರಡು ಬಟ್ಟಲು. ತಾನಾಗಿ ತಂದಳೋ, ಹೇಳಿಸಿಕೊಂಡು ತಂದಳೋ ತಿಳಿಯಲಿಲ್ಲ. ಮುದುಕಿ ತನ್ನ ಬಟ್ಟಲಿಗೆ ಕೈ ಹಾಕಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ನಾನು ಕುಡಿದು ಬಟ್ಟಲು ಕೆಳಗಿಟ್ಟ ಮೇಲೆ ಅವಳು ಎತ್ತಿಕೊಂಡಳು, ಕುಡಿದಳು.

"ಔಷಧ ಹಚ್ಚೂ ದಿನ ಬಾಟ್ಲಿ ನನ್ನ ಕಡೆ ಇರ್ತೈತ್ರಿ ಇನ್ನ ಮ್ಯಾಲ," ಎಂದಳು. ಅಷ್ಟು ಹೇಳಿ ಕೌದಿಯನ್ನು ಒಳಗಿಡಲು ಎದ್ದಳು.

ಚಾಟಣಿ ಬಂತು, ಹೋಯಿತು. ಆ ಮನೆಯ ಮಗ ಔಷಧ ಹಚ್ಚಿದ, ಕುಡಿಯಲಿಲ್ಲ, ಬೀಳಲಿಲ್ಲ. ಇಷ್ಟು ಸಮಾಧಾನ ಸಾಕೆನ್ನಬೇಕು. ಆದರೆ ಪತ್ತೇದಾರಿ ಕಥೆ ಓದಿದ ತಲೆ ಸುಮ್ಮನಿರುವುದಿಲ್ಲ. ಆ ದಿನ ಅವನು ಕುಡಿಯಲಿಲ್ಲವೆಂದು ಬೀಳಲಿಲ್ಲವೋ, ಬಾಟಲಿ ಸೊಸೆಯ ಕೈಯಿಂದ ಹೋಯಿತೆಂದು ಬೀಳಲಿಲ್ಲವೋ? ಎರಡಕ್ಕೂ ಸಾಕ್ಷಿ ಒಂದೇ. ಮುದುಕಿಯೂ ಇದನ್ನೇ ಯೋಚಿಸುತ್ತಿರಬಹುದು. ಸೊಸೆಯ ಮುಖ ನೆನೆಸಿಕೊಂಡಾಗ ನಾನು ಅವಳನ್ನು ನಂಬುತ್ತೇನೆ. ನಂಬಲು ನನ್ನ ಬಳಿ ಇರುವುದು ಸಕ್ಕರೆ ಹೆಚ್ಚಾದ ಎರಡು ಬಟ್ಟಲು ಚಹಾ ಮಾತ್ರ.

ಈಗ ನನ್ನ ಹೆದರಿಕೆ ಬೇರೆ. ಕಂತುಗಳನ್ನು ಜನ ಒಬ್ಬರಿಂದ ಒಬ್ಬರಿಗೆ ಕಳಿಸುತ್ತಿದ್ದಾರೆ. ಕಥೆ ಹೋಗುತ್ತದೆ, ಕೊನೆಯ ಅಧ್ಯಾಯ ಹೋಗುತ್ತದೆ, ಕೊಂದವಳು ಹೆಂಡತಿ ಎಂಬಲ್ಲಿಗೆ ನಿಲ್ಲುತ್ತದೆ. ನನ್ನಂಥ ಮುದುಕಿ ತೊದಲಿದ ಆಮೇಲಿನ ತುಣುಕನ್ನು ಯಾರೂ ಕಳಿಸುವುದಿಲ್ಲ, ಅದರಲ್ಲಿ ಮಜಾ ಇಲ್ಲ. ತೋಟಗಳಿರುವ ಇನ್ಯಾವುದೋ ಊರಲ್ಲಿ, ಇನ್ಯಾವುದೋ ಪಡಸಾಲೆಯಲ್ಲಿ, ಹೋದ ವರ್ಷ ಮನೆಯವನೊಬ್ಬ ಬಿದ್ದಿದ್ದ ಮನೆಯಲ್ಲಿ ಅದನ್ನು ಯಾರಾದರೂ ಕೇಳುತ್ತಿರಬಹುದು. ಕೇಳಿ, ಬಟ್ಟಲು ಕೊಟ್ಟವಳ ಕಡೆ ತಿರುಗಿ ನೋಡುತ್ತಿರಬಹುದು.

ಹಾಗೆ ಯಾರಾದರೂ ನಿಮ್ಮ ಹತ್ತಿರ ಕೇಳಿಕೊಂಡು ಬಂದರೆ ಇದನ್ನು ಓದಿ ಹೇಳಿ. ಈ ಹಾಳೆಗಳನ್ನು ನಾನು ಹೊಲಿದಿಲ್ಲ, ಬಿಡಿಯಾಗಿಯೇ ಇಟ್ಟಿದ್ದೇನೆ. ಇಲಿ ತಿನ್ನದ ಹಾಗೆ, ಒಂದೂ ಕಳೆಯದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.